ಕಾವಲಿಲ್ಲದ ಒಲೆ

ಕಂಡ ಕಂಡ ಮನೆಯ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, "ಉರಿ ನೀಲಿ ಇರಬೇಕು, ಹಳದಿ ಇರಬಾರದು" ಎಂದು ಇಪ್ಪತ್ತಾರು ವರ್ಷ ಹೇಳುತ್ತ ಬಂದವನಿಗೆ ಜನ ನೀಲಿಯಣ್ಣ ಎನ್ನದೆ ಇನ್ನೇನು ಅಂದಾರು? ಗ್ಯಾಸ್ ಏಜೆನ್ಸಿಯಲ್ಲಿ ಅವನು ಒಲೆ ರಿಪೇರಿಯ ಮೆಕ್ಯಾನಿಕ್. ಬರ್ನರ್ ಕಟ್ಟಿಕೊಂಡರೆ ಬಿಡಿಸುವುದು, ಜೆಟ್ಟಿಗೆ ಸೂಜಿ ಹಾಕಿ ಕೆದಕುವುದು, ಬಿರುಕು ಬಿಟ್ಟ ರಬ್ಬರ್ ಪೈಪು ಕಿತ್ತು ಹೊಸದು ಕೂರಿಸುವುದು ಅವನ ದಿನದ ಕೆಲಸ. ಅದರ ಜೊತೆಗೆ ವರ್ಷಕ್ಕೆ ನಾಲ್ಕೈದು ಸಲ ಕಾರ್ಖಾನೆಗೋ ಶಾಲೆಗೋ ಹೋಗಿ, ಒಲೆಯನ್ನು ಹೇಗೆ ಬಳಸಬೇಕು ಎಂದು ಅರ್ಧ ಗಂಟೆ ಮಾತಾಡಿ ಬರಬೇಕಿತ್ತು. ಆ ಭಾಷಣ ಅವನಿಗೆ ಬಾಯಿಪಾಠವಾಗಿತ್ತು. ಕೊನೆಯ ಮಾತು ಯಾವಾಗಲೂ ಒಂದೇ: ಒಲೆ ಉರಿಯೋಕೆ ಬಿಟ್ಟು ಮಲಗಬೇಡಿ.

ಆ ಒಂದು ಮಾತೇ ಕೊನೆಗೆ ಅವನ ಕುತ್ತಿಗೆಗೆ ಬಂತು.

ಭಾಷಣ ಕೇಳಿದವರಲ್ಲಿ ಒಬ್ಬಳು ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಕಾಜಾ ಹೊಲಿಯುವವಳು. ಅವಳ ಅತ್ತೆ ಸೂಪು ಮಾರುವ ಮುದುಕಿ. ದೊಡ್ಡ ಉಕ್ಕಿನ ಕಾರ್ಖಾನೆಯ ಗೇಟಿನ ಎದುರು ಬೆಳಗ್ಗೆ ಆರೂವರೆಗೆ ತಳ್ಳುಗಾಡಿ ನಿಲ್ಲಿಸಿ, ರಾತ್ರಿ ಪಾಳಿ ಮುಗಿಸಿ ಬರುವವರಿಗೂ ಬೆಳಗಿನ ಪಾಳಿಗೆ ಹೋಗುವವರಿಗೂ ಬಿಸಿಬಿಸಿ ಮೂಳೆ ಸೂಪು ಕೊಡುತ್ತಿದ್ದಳು. ಕಾರ್ಖಾನೆಗೆ ರಜೆ ಇಲ್ಲ, ಆದ್ದರಿಂದ ಅವಳಿಗೂ ಇಲ್ಲ. ಎಲ್ಲರಿಗೂ ಅವಳು ಸೂಪಜ್ಜಿ. ಸಂಜೆ ಏಳಕ್ಕೆ ಪಾತ್ರೆ ಒಲೆ ಮೇಲೆ ಏರಿತೆಂದರೆ, ಸಣ್ಣ ಉರಿಯಲ್ಲಿ ರಾತ್ರಿಯಿಡೀ ಕುದಿದು ಬೆಳಗ್ಗೆ ಆರಕ್ಕೆ ಇಳಿಯಬೇಕು. ಹಾಗೆ ಕುದಿದರೇನೇ ಮೂಳೆ ತನ್ನೊಳಗಿದ್ದದ್ದನ್ನು ಬಿಟ್ಟುಕೊಡುತ್ತದೆ ಎಂಬುದು ಅವಳ ನಲವತ್ತು ವರ್ಷದ ಅನುಭವ. ಅದರಲ್ಲಿ ಹೆಚ್ಚಿನ ಹೊತ್ತು ಅವಳು ಗಡದ್ದಾಗಿ ನಿದ್ದೆ ಮಾಡುತ್ತಿದ್ದಳು.

ಸೊಸೆ ಭಾಷಣ ಕೇಳಿ ಮನೆಗೆ ಬಂದವಳೇ, ಒಲೆ ಹಾಗೆ ಬಿಟ್ಟು ಮಲಗಬಾರದಂತೆ ಎಂದಳು. ಅತ್ತೆ ಮೂಗು ಮುರಿದಳು. ಮಾತಿಗೆ ಮಾತು ಬೆಳೆಯಿತು. ಒಂಬತ್ತು ವರ್ಷದಿಂದ ಈ ಮನೆಯಲ್ಲಿ ತಾನು ನೆಮ್ಮದಿಯಾಗಿ ಕಣ್ಣು ಮುಚ್ಚಿಲ್ಲ ಎಂದು ಸೊಸೆ ಅಂದಳು. ನಲವತ್ತು ವರ್ಷದಿಂದ ಈ ಒಲೆ ತನ್ನ ಮನೆಯ ಒಂದು ಸೊಳ್ಳೆಯನ್ನೂ ಸುಟ್ಟಿಲ್ಲ ಎಂದು ಅತ್ತೆ ಅಂದಳು. ನಡುವೆ ಸಿಕ್ಕಿಕೊಂಡ ಮಗ, ಬಸ್ಸಿನ ಕಂಡಕ್ಟರ್, ಇಬ್ಬರನ್ನೂ ಬೇರೆ ಬೇರೆಯಾಗಿ ಕರೆದು ನೀನು ಹೇಳೋದೇ ಸರಿ ಎಂದು ಸಮಾಧಾನ ಮಾಡಿ ಡ್ಯೂಟಿಗೆ ಹೊರಟುಹೋದ. ಅದರಿಂದ ಜಗಳ ಇನ್ನಷ್ಟು ಕಾವೇರಿತು. ಕೊನೆಗೆ ಇಬ್ಬರೂ ಒಂದು ವಿಷಯಕ್ಕೆ ಒಪ್ಪಿಕೊಂಡರು. ಗ್ಯಾಸ್ ಏಜೆನ್ಸಿಯವರು ಏನು ಬರೆದು ಕೊಡುತ್ತಾರೋ ಅದೇ ಕೊನೆ.

ಒಂದು ಸೋಮವಾರ ಅತ್ತೆ ಸೊಸೆ ಇಬ್ಬರೂ ಏಜೆನ್ಸಿಯ ಕೌಂಟರಿನ ಮುಂದೆ ಒಬ್ಬರ ಮುಖ ಒಬ್ಬರು ನೋಡದೆ ನಿಂತರು. ನೀಲಿಯಣ್ಣ ಅವರ ಮಾತನ್ನೆಲ್ಲ ಕೇಳಿಸಿಕೊಂಡು, ಇದಕ್ಕೆ ಕಾಗದ ಬೇರೆ ಬೇಕೆ ಎಂದು ನಕ್ಕ. ಪಾತ್ರೆ ಉಕ್ಕಿದರೆ ಉರಿ ಆರುತ್ತದೆ, ಉರಿ ಆರಿದ ಮೇಲೂ ಗ್ಯಾಸ್ ಬರುತ್ತಲೇ ಇರುತ್ತದೆ. ಉಕ್ಕದಿದ್ದರೆ ನೀರು ಬತ್ತಿ ತಳ ಹತ್ತಿ ಹೊಗೆಯಾಗುತ್ತದೆ. ಕಿಟಕಿ ಮುಚ್ಚಿದ್ದರೆ ಒಳಗಿನ ಗಾಳಿಯೇ ಕೆಡುತ್ತದೆ, ಅದಕ್ಕೆ ವಾಸನೆಯೂ ಇಲ್ಲ, ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಇಷ್ಟು ಹೇಳಿ ಮುಗಿಸಿದ. ಸೊಸೆ ಗೆದ್ದವಳಂತೆ ಗೋಡೆ ಕಡೆ ನೋಡಿದಳು. ಸೂಪಜ್ಜಿ ಜಗ್ಗಲಿಲ್ಲ.

"ಇದನ್ನೆಲ್ಲ ಬರೆದು ಸೀಲು ಹಾಕಿ ಕೊಡು ಮಗ. ಬಾಯಲ್ಲಿ ಹೇಳೋದಕ್ಕೆ ನಮ್ಮ ಮನೇಲೇ ಜನ ಇದ್ದಾರೆ."

ಸೀಲು ಇದ್ದದ್ದು ಮ್ಯಾನೇಜರರ ಡ್ರಾಯರಿನಲ್ಲಿ. ಮ್ಯಾನೇಜರರೋ, ಒಂದು ಸಹಿ ಹಾಕಬೇಕೆಂದರೆ ಹಲ್ಲು ಕೀಳಿಸಿಕೊಳ್ಳುವಷ್ಟು ಸಂಕಟಪಡುವ ಮನುಷ್ಯ. ಸುರಕ್ಷಿತ ಎಂದು ಬರೆದು ನಾಳೆ ಏನಾದರೂ ಆದರೆ ತಮ್ಮ ತಲೆಗೆ. ಸುರಕ್ಷಿತವಲ್ಲ ಎಂದು ಬರೆದರೆ, ಹಾಗಾದರೆ ಇಷ್ಟು ವರ್ಷ ಯಾಕೆ ಒಲೆ ಮಾರಿದಿರಿ ಎಂದು ಕೇಳುವವರು ಹುಟ್ಟಿಕೊಂಡರೆ? ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಆರಿದ ಒಲೆಯಿಂದ ಗ್ಯಾಸ್ ಸೋರುವುದನ್ನು ನೀವು ಕಣ್ಣಾರೆ ಕಂಡಿದ್ದೀರಾ ಎಂದು ನೀಲಿಯಣ್ಣನನ್ನು ಕೇಳಿದರು. ಕಂಡಿದ್ದೇನೆ, ಅಂಥ ಮನೆಗಳಿಗೆ ಹೋಗಿದ್ದೇನೆ ಎಂದ ಅವನು.

"ಅದು ಆದಮೇಲೆ ಹೋಗಿದ್ದು. ಆಗುವಾಗ ನೀವು ಅಲ್ಲಿದ್ರಾ?"

ಆಗುವಾಗ ಅಲ್ಲಿದ್ದರೆ ಈಗ ಇಲ್ಲಿ ಇರುತ್ತಿರಲಿಲ್ಲ ಸಾರ್ ಎಂಬ ಮಾತು ನೀಲಿಯಣ್ಣನ ಬಾಯಿಗೆ ಬಂತು. ನುಂಗಿಕೊಂಡ. ಮ್ಯಾನೇಜರರು ಪರೀಕ್ಷೆ ಆಗಲಿ ಎಂದರು. ಏಜೆನ್ಸಿಯ ಹಿಂಭಾಗದಲ್ಲಿ ಹೊಸ ಒಲೆಗಳನ್ನು ಗಿರಾಕಿಗಳಿಗೆ ಹೊತ್ತಿಸಿ ತೋರಿಸುವ ಒಂದು ಅಡುಗೆಕೋಣೆ ಇತ್ತು. ಅಲ್ಲಿ ಒಂದು ಒಲೆಯ ಮೇಲೆ ನೀರಿನ ಪಾತ್ರೆ ಇಟ್ಟು, ರಾತ್ರಿಯಿಡೀ ಯಾರ ಗಮನವೂ ಇಲ್ಲದೆ ಉರಿಯಲು ಬಿಡಬೇಕು. ಬೆಳಗ್ಗೆ ಏನಾಯಿತೋ ಅದನ್ನು ಬರೆದು ಕೊಡಬೇಕು.

ಅದಕ್ಕೊಂದು ತೊಡಕಿತ್ತು. ಅದೇ ಕೋಣೆಯ ಬಾಗಿಲ ಮೇಲೆ, ನೀಲಿಯಣ್ಣನೇ ಹತ್ತು ವರ್ಷದ ಹಿಂದೆ ಕೆಂಪು ಬಣ್ಣದಲ್ಲಿ ಬರೆದ ಬೋರ್ಡು: ಬೆಂಕಿ ಇರುವಾಗ ಒಬ್ಬರಾದರೂ ಇರತಕ್ಕದ್ದು. ಕಟ್ಟಡದ ವಿಮೆಯ ಕಾಗದದಲ್ಲೂ ಆ ಮಾತು ಇತ್ತು. ಮ್ಯಾನೇಜರರು ಒಂದು ಇಡೀ ಮಧ್ಯಾಹ್ನ ಯೋಚಿಸಿ ದಾರಿ ಹುಡುಕಿದರು. ಒಬ್ಬ ಮನುಷ್ಯ ಇರಬೇಕು, ಆದರೆ ಗಮನಿಸಬಾರದು.

ಆ ಕೆಲಸ ಮೊದಲು ರಾತ್ರಿ ಕಾವಲುಗಾರನಿಗೆ ಬಿತ್ತು. ಅವನು ಒಳ್ಳೆಯವನು, ಆದರೆ ಎಲ್ಲವನ್ನೂ ಬಿಡಿಸಿ ಕೇಳುವವನು. ಉಕ್ಕಿದರೆ ಆರಿಸಬೇಕಾ? ಕೂಡದು, ಆರಿಸಿದರೆ ಗಮನಿಸಿದ ಹಾಗಾಯಿತು. ವಾಸನೆ ಬಂದರೆ? ಬರಲಿ, ನೀನು ಮೂಸಬೇಡ. ಬೆಂಕಿ ಹತ್ತಿದರೆ? ಆಗ ಮಾತ್ರ ಫೋನ್ ಮಾಡು. ಹಾಗಾದರೆ ಹತ್ತಿದೆಯೋ ಇಲ್ಲವೋ ನೋಡೋದು ಯಾರು ಸಾರ್ ಎಂದು ಅವನು ಕೇಳಿದಾಗ, ಮ್ಯಾನೇಜರರು ಬಸ್ಸಿಗೆ ಹೊತ್ತಾಯಿತೆಂದು ಚೀಲ ಎತ್ತಿಕೊಂಡು ಹೊರಟರು.

ಬೆಳಗ್ಗೆ ಕಾವಲುಗಾರ ಕೊಟ್ಟ ಚೀಟಿಯಲ್ಲಿ "ರಾತ್ರಿ ಏನೂ ಆಗಲಿಲ್ಲ" ಎಂದಿತ್ತು. ಮ್ಯಾನೇಜರರು ಪೆನ್ನಿನ ಮುಚ್ಚಳ ತೆಗೆದೇಬಿಟ್ಟಿದ್ದರು. ನೀಲಿಯಣ್ಣ ಪಾತ್ರೆಯೊಳಗೆ ಬಗ್ಗಿ ನೋಡಿದರೆ ನೀರು ಒಂದು ಬೆರಳಿನಷ್ಟೂ ಇಳಿದಿರಲಿಲ್ಲ. ಕಾವಲುಗಾರನನ್ನು ಪಕ್ಕಕ್ಕೆ ಕರೆದು ಕೇಳಿದ. ಅವನು ನೆಲ ನೋಡುತ್ತ, ಒಂಬತ್ತು ಗಂಟೆಗೇ ಆರಿಸಿಬಿಟ್ಟೆ ನೀಲಿಯಣ್ಣ, ಮನಸ್ಸು ಕೇಳಲಿಲ್ಲ ಎಂದ.

ಎರಡನೇ ರಾತ್ರಿ ನೀಲಿಯಣ್ಣನೇ ಕೂತ. ಒಲೆಗೆ ಬೆನ್ನು ಹಾಕಿ, ಗೋಡೆಗೊರಗಿಸಿದ ಸ್ಟೀಲ್ ಬೀರುವಿನ ಕಡೆ ಮುಖ ಮಾಡಿ ಕುರ್ಚಿ ಹಾಕಿಕೊಂಡ. ಗಮನಿಸದೆ ಇರುವುದು ಎಷ್ಟು ಕಷ್ಟದ ಕೆಲಸ ಎಂದು ಅವನಿಗೆ ಗೊತ್ತಾದದ್ದೇ ಆವತ್ತು. ಕಣ್ಣನ್ನು ಮುಚ್ಚಬಹುದು, ಕಿವಿಯನ್ನು ಏನು ಮಾಡುವುದು? ಇಪ್ಪತ್ತಾರು ವರ್ಷ ಉರಿಯ ಸದ್ದು ಕೇಳಿ ಕೇಳಿ, ಒಲೆ ಉಸಿರು ಬದಲಿಸಿದರೂ ಅವನಿಗೆ ತಿಳಿಯುತ್ತಿತ್ತು. ಲೆಕ್ಕದ ಮಗ್ಗಿ ಹೇಳಿಕೊಂಡ. ಹೆಂಡತಿಯ ತವರಿನವರ ಹೆಸರನ್ನೆಲ್ಲ ವಯಸ್ಸಿನ ಪ್ರಕಾರ ಜೋಡಿಸಿದ. ಹನ್ನೊಂದರ ಹೊತ್ತಿಗೆ ಮುಚ್ಚಳ ತಟತಟ ಎಂದಿತು, ಚುಂಯ್ ಎಂಬ ಸದ್ದಾಯಿತು, ಆಮೇಲೆ ಉರಿಯ ಸದ್ದು ನಿಂತು ಬರೀ ಗಾಳಿಯ ಸದ್ದು ಉಳಿಯಿತು. ಅವನು ಎದ್ದದ್ದೂ ಗೊತ್ತಿಲ್ಲ, ನಾಬ್ ತಿರುಗಿಸಿದ್ದೂ ಗೊತ್ತಿಲ್ಲ, ಕಿಟಕಿ ತೆಗೆದದ್ದೂ ಗೊತ್ತಿಲ್ಲ. ತನ್ನ ಕೈ ಕಿಟಕಿಯ ಚಿಲಕದ ಮೇಲೆ ಇರುವುದನ್ನು ನೋಡಿದಾಗಲೇ ಎದ್ದದ್ದು ಗೊತ್ತಾಯಿತು.

ಮ್ಯಾನೇಜರರಿಗೆ ಬೇಸರವಾಯಿತು. ಆಗಲು ಬಿಡಬೇಕಿತ್ತು, ಈಗ ನಮ್ಮ ಕೈಯಲ್ಲಿರುವುದು ನಿಮ್ಮ ಅಭಿಪ್ರಾಯ ಮಾತ್ರ ಎಂದರು. ನೀಲಿಯಣ್ಣ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಮನೆಗೆ ಹೋಗಿ ಮಲಗಿದವನನ್ನು ಹೆಂಡತಿ ಎಬ್ಬಿಸಿ, ರಾತ್ರಿಯೆಲ್ಲ ಅದೇನು ಕೆಲಸ ಎಂದು ವಿಚಾರಿಸಿದಳು. ಯಾವುದಕ್ಕೂ ಗಮನ ಕೊಡದೆ ಸುಮ್ಮನೆ ಕೂತಿರೋ ಕೆಲಸ ಎಂದ.

"ಅದನ್ನ ಮನೇಲಿ ಇಷ್ಟು ವರ್ಷದಿಂದ ಮಾಡ್ತಾನೇ ಇದ್ದೀರಲ್ಲ," ಎಂದಳು ಅವಳು.

ಅಷ್ಟರಲ್ಲಿ ಸೂಪಜ್ಜಿಗೆ ಎರಡೂ ಪರೀಕ್ಷೆಯ ಸುದ್ದಿ ಕಾವಲುಗಾರನಿಂದ ಮುಟ್ಟಿತ್ತು. ಅವಳು ನೇರ ಮ್ಯಾನೇಜರರ ಕೋಣೆಗೇ ನುಗ್ಗಿದಳು. ಬರೀ ನೀರು ಕುದಿಸಿ, ಯಾರದೋ ಒಲೆ ಇಟ್ಟು ಮಾಡುವುದು ಯಾವ ಸೀಮೆ ಪರೀಕ್ಷೆ ಎಂದು ಕೇಳಿದಳು. ಉಕ್ಕಿದ್ದು ನಿಮ್ಮ ಪಾತ್ರೆ, ನನ್ನದಲ್ಲ. ನನ್ನ ಒಲೆ, ನನ್ನ ಸಿಲಿಂಡರು, ನನ್ನ ಪಾತ್ರೆ, ನನ್ನ ಮೂಳೆ ತರುತ್ತೇನೆ, ನಾನೇ ಇರುತ್ತೇನೆ ಎಂದಳು. ಅತ್ತೆ ಇದ್ದರೆ ನಾನೂ ಇರುತ್ತೇನೆ, ಇಲ್ಲದಿದ್ದರೆ ಇವರು ಏನು ಕೈಚಳಕ ತೋರಿಸುತ್ತಾರೋ ಯಾರಿಗೆ ಗೊತ್ತು ಎಂದು ಹಿಂದೆಯೇ ಬಂದಿದ್ದ ಸೊಸೆ ಪಟ್ಟು ಹಿಡಿದಳು. ಇಬ್ಬರೂ ಮಲಗಿಬಿಟ್ಟರೆ ಮನೆಯ ಸ್ಥಿತಿಗೆ ಸರಿಯಾಗಿ ಹೊಂದುತ್ತದೆ ಎಂದು ಮ್ಯಾನೇಜರರಿಗೆ ಖುಷಿಯಾಯಿತು. ನೀಲಿಯಣ್ಣ ಬೆನ್ನು ಹಾಕಿ ಕೂರಬೇಕು, ಪ್ರಾಣಕ್ಕೆ ಬಂದರೆ ಹೊರತು ತಿರುಗಬಾರದು ಎಂದು ಕಾಗದದಲ್ಲಿ ಬರೆದು ಅವನ ಸಹಿ ತೆಗೆದುಕೊಂಡರು. ಬೇರೆಯವರ ಸಹಿ ತೆಗೆದುಕೊಳ್ಳುವುದರಲ್ಲಿ ಅವರಿಗೆ ಯಾವ ಸಂಕಟವೂ ಇರಲಿಲ್ಲ.

ಬುಧವಾರ ಸಂಜೆ ತಳ್ಳುಗಾಡಿಯ ಮೇಲೆ ಒಲೆ, ಸಿಲಿಂಡರು, ಪಾತ್ರೆ, ಒಂದು ಚೀಲ ಮೂಳೆ, ಎರಡು ದಿಂಬು ಬಂದವು. ಅತ್ತೆ ಮುಂದಿನಿಂದ ಎಳೆದಳು, ಸೊಸೆ ಹಿಂದಿನಿಂದ ತಳ್ಳಿದಳು. ದಾರಿಯುದ್ದಕ್ಕೂ ಅವರು ಮಾತಾಡಿದ್ದು ಒಂದೇ ಸಲವಂತೆ, ಹಳ್ಳ ಬಂತು ನೋಡಿಕೋ ಅಂತ. ನೀಲಿಯಣ್ಣ ರಬ್ಬರ್ ಪೈಪನ್ನು ನೋಡಿ ಮುಖ ಸಿಂಡರಿಸಿದ. ಹಳೆಯದಾಗಿ ಗಟ್ಟಿಯಾಗಿತ್ತು. ಏಜೆನ್ಸಿಯದನ್ನು ತಾತ್ಕಾಲಿಕವಾಗಿ ಸಿಕ್ಕಿಸಿ, ಎರಡೂ ಕಿಟಕಿ ತೆರೆದಿಟ್ಟು, ಅಭ್ಯಾಸಬಲದಿಂದ ಸಿಲಿಂಡರನ್ನು ತಕ್ಕಡಿಯ ಮೇಲಿಟ್ಟು ತೂಕ ಬರೆದುಕೊಂಡ. ಏಳಕ್ಕೆ ಸೂಪಜ್ಜಿ ಒಲೆ ಹೊತ್ತಿಸಿ, ಉರಿಯನ್ನು ಸಿಮ್ಮಿಗೆ ತಂದು, ಲೈಟರನ್ನು ಒಲೆ ಪಕ್ಕದ ಮೊಳೆಗೆ ನೇತುಹಾಕಿದಳು. ಮನೆಯಲ್ಲೂ ಅದು ಹಾಗೇ ಒಂದು ಮೊಳೆಗೆ ನೇತಾಡುತ್ತದಂತೆ. ಸೊಸೆ ಅದನ್ನು ಮುಟ್ಟುವಂತಿಲ್ಲ. ಅಡುಗೆ ಅತ್ತೆಯದು, ಪಾತ್ರೆ ತೊಳೆಯುವುದು ಸೊಸೆಯದು, ಹಾಗೆ ಆ ಮನೆಯ ಏರ್ಪಾಡು.

ಎಂಟೂವರೆಗೆಲ್ಲ ಅಜ್ಜಿ ಬೆಂಚಿನ ಮೇಲೆ ಒರಗಿ ಗೊರಕೆ ಶುರು ಮಾಡಿದಳು. ಸೊಸೆ ಇನ್ನೊಂದು ಬೆಂಚಿನ ಮೇಲೆ ಮಂಡಿ ಎತ್ತಿಕೊಂಡು ಕೂತು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವಳ ಹಾಗೆ ಪಾತ್ರೆಯನ್ನೇ ನೋಡುತ್ತಿದ್ದಳು. ಮನೆಯಲ್ಲೂ ಹೀಗೇನಾ ಎಂದು ನೀಲಿಯಣ್ಣ ಬೀರುವಿಗೆ ಮುಖ ಮಾಡಿಕೊಂಡೇ ಕೇಳಿದ. ಹೀಗೇ ಅಣ್ಣ, ಮಲಗಿದ ಕಡೆಯಿಂದಲೇ ಕಿವಿ ಕೊಟ್ಟಿರ್ತೀನಿ, ಒಂದೂ ಒಂದೂವರೆ ತನಕ ಕಣ್ಣು ಹತ್ತಲ್ಲ, ಆಮೇಲೆ ಯಾವಾಗಲೋ ನಿದ್ದೆ ಬಂದುಬಿಡುತ್ತೆ ಎಂದಳು. ಬೆಳಗ್ಗೆ ಎದ್ದರೆ ಮೂಟೆ ಹೊತ್ತ ಹಾಗೆ ಮೈಕೈ ನೋವಂತೆ. ಕಾರ್ಖಾನೆಯಲ್ಲಿ ಕಾಜಾ ಹೊಲಿಯುತ್ತಲೇ ತೂಕಡಿಸಿ ಎರಡು ಸಲ ಬೈಸಿಕೊಂಡಿದ್ದಾಳಂತೆ. ಸ್ವಲ್ಪ ಹೊತ್ತಿಗೆ ಅವಳ ಮಾತೂ ನಿಂತಿತು.

ಬೀರುವಿನ ಸ್ಟೀಲಿನಲ್ಲಿ ಕೋಣೆಯೆಲ್ಲ ಮಸುಕು ಮಸುಕಾಗಿ ಕಾಣುತ್ತಿತ್ತು. ಅದರ ನಡುವೆ ಉರಿಯ ನೀಲಿ ಚುಕ್ಕಿ. ತಾನು ತಿರುಗಿ ನೋಡಿಲ್ಲ, ಮುಂದೆ ಕಂಡದ್ದನ್ನು ನೋಡಿದರೆ ತಪ್ಪಿಲ್ಲ ಎಂದು ನೀಲಿಯಣ್ಣ ತನಗೆ ತಾನೇ ತೀರ್ಪು ಕೊಟ್ಟುಕೊಂಡಿದ್ದ.

ಎರಡು ಗಂಟೆ ಹೊಡೆದು ಸ್ವಲ್ಪ ಹೊತ್ತಾಗಿತ್ತು. ಬೀರುವಿನಲ್ಲಿ ಒಂದು ನೆರಳು ಎದ್ದು ನಿಂತಿತು. ಸೊಸೆ. ಚಪ್ಪಲಿ ಹಾಕಿಕೊಳ್ಳದೆ, ಸೆರಗು ಸರಿಮಾಡಿಕೊಳ್ಳದೆ, ನೀರಿನಲ್ಲಿ ನಡೆಯುವವಳ ಹಾಗೆ ಒಲೆಯ ಹತ್ತಿರ ಬಂದಳು. ಮುಚ್ಚಳ ಎತ್ತಿದಳು. ಪಕ್ಕದಲ್ಲಿದ್ದ ತಂಬಿಗೆಯಿಂದ ನೀರು ಹೊಯ್ದಳು. "ಇನ್ನೊಂದು ಲೋಟ ಸಾಕು," ಎಂದು ಗೊಣಗಿದಳು. ಸೌಟಿನಿಂದ ತಳ ಮುಟ್ಟಿ ಒಂದು ಸುತ್ತು ತಿರುವಿದಳು. ಚೆಲ್ಲಿದ ಹನಿಯನ್ನು ತೋಳಿನಿಂದಲೇ ಒರೆಸಿದಳು. ಆಮೇಲೆ ನಾಬ್ ತಿರುಗಿಸಿ ಉರಿ ಆರಿಸಿ, ಹೋಗಿ ಬೆಂಚಿನ ಮೇಲೆ ಮೊದಲಿನ ಹಾಗೇ ಮಂಡಿ ಎತ್ತಿಕೊಂಡು ಕೂತಳು.

ನೀಲಿಯಣ್ಣ ಕುರ್ಚಿಯ ತುದಿಗೆ ಸರಿದ. ಆಟ ಆಡುತ್ತಿದ್ದಾಳೆಯೇ? ಮಾಡಿಕೊಟ್ಟ ಸಹಿಯನ್ನು ಗಾಳಿಗೆ ತೂರಿ ತಿರುಗಿಯೇ ನೋಡಿದ. ಅವಳ ಕಣ್ಣು ಅರೆತೆರೆದಿತ್ತು, ಬಾಯಿ ಸ್ವಲ್ಪ ಬಿಟ್ಟುಕೊಂಡಿತ್ತು. ಅಮ್ಮಾ ಎಂದು ಮೆಲ್ಲಗೆ ಕರೆದ. ಕಣ್ಣಿನ ಮುಂದೆ ಕೈ ಆಡಿಸಿದ. ರೆಪ್ಪೆ ಅಲುಗಲಿಲ್ಲ. ಅವಳು ಗಾಢ ನಿದ್ದೆಯಲ್ಲಿದ್ದಳು.

ಏನು ಮಾಡುವುದೆಂದು ತಿಳಿಯದೆ ಅವನು ಮತ್ತೆ ಬೀರುವಿನ ಕಡೆ ಮುಖ ಮಾಡಿ ಕೂತ. ಆರಿದ ಒಲೆಗೆ ಬೆನ್ನು ಹಾಕಿ ಕೂರುವುದು ಎಷ್ಟೋ ಹಗುರದ ಕೆಲಸ. ಎರಡು ರಾತ್ರಿಯಲ್ಲಿ ಮೊದಲ ಸಲ ಅವನಿಗೆ ಜೊಂಪು ಹತ್ತಿತು. ಲೈಟರಿನ ಟಕ್ ಎಂಬ ಸದ್ದಿಗೆ ಎಚ್ಚರವಾದಾಗ ಗಡಿಯಾರದಲ್ಲಿ ಐದು ಗಂಟೆ. ಸೊಸೆ ಒಲೆಯ ಮುಂದೆ ಬಗ್ಗಿ, ಉರಿಯನ್ನು ಸಿಮ್ಮಿಗೆ ತಂದು, ಲೈಟರನ್ನು ಅದೇ ಮೊಳೆಗೆ ನೇತುಹಾಕಿ, ಬಂದ ದಾರಿಯಲ್ಲೇ ವಾಪಸು ಹೋದಳು.

ಆರಕ್ಕೆ ಸೂಪಜ್ಜಿ ಆಕಳಿಸುತ್ತ ಎದ್ದು, ಉರಿಯುತ್ತಿದ್ದ ಒಲೆಯನ್ನೂ ಹದವಾಗಿ ಕುದಿಯುತ್ತಿದ್ದ ಸೂಪನ್ನೂ ನೋಡಿದಳು. ನೋಡಿದೆಯಾ ಎಂದು ಯಾರಿಗೂ ಅಲ್ಲದ ಹಾಗೆ ಅಂದಳು. ಸೊಸೆಯ ಮುಖ ಬಾಡಿತು. ಆಗ ನೀಲಿಯಣ್ಣ ಗಂಟಲು ಸರಿಮಾಡಿಕೊಂಡು, ಒಂಚೂರು ತಡೀರಿ ಎಂದು, ಕಂಡದ್ದನ್ನೆಲ್ಲ ಒಂದೂ ಬಿಡದೆ ಹೇಳಿದ.

ಮೊದಲು ಸಿಟ್ಟಿಗೆದ್ದವಳು ಸೊಸೆಯೇ. ನನಗೇನು ದೆವ್ವ ಮೆಟ್ಟಿಕೊಂಡಿದೆಯಾ, ಆ ಲೈಟರನ್ನು ಮದುವೆಯಾದಾಗಿನಿಂದ ಕೈಯಲ್ಲಿ ಹಿಡಿದವಳಲ್ಲ ಎಂದಳು. ಇವಳು ಎದ್ದರೆ ನನಗೆ ಗೊತ್ತಾಗಲ್ವಾ ಎಂದು ಅತ್ತೆ ಸೇರಿಸಿದಳು. ಒಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಅವರಿಬ್ಬರೂ ಒಂದೇ ಪಕ್ಷವಾಗಿದ್ದರು. ನೀಲಿಯಣ್ಣ ಮಾತು ಬೆಳೆಸದೆ ಒಲೆ ಆರಿಸಿ, ಸಿಲಿಂಡರನ್ನು ತಕ್ಕಡಿಗೆ ಏರಿಸಿದ. ಈ ಬರ್ನರು ಸಿಮ್ಮಿನಲ್ಲಿ ಗಂಟೆಗೆ ಮೂವತ್ತು ಗ್ರಾಂ ಕುಡಿಯುತ್ತದೆ. ಹನ್ನೊಂದು ಗಂಟೆಗೆ ಮುನ್ನೂರಮೂವತ್ತು. ತಕ್ಕಡಿಯ ಮುಳ್ಳಿನ ಪ್ರಕಾರ ಇಳಿದದ್ದು ಇನ್ನೂರನಲವತ್ತು. ಮೂರು ಗಂಟೆಯ ಗ್ಯಾಸ್ ಎಲ್ಲಿ ಹೋಯಿತು? ಸಾಲದ್ದಕ್ಕೆ ಕಿಟಕಿಯ ಹೊರಗಿನಿಂದ ಕಾವಲುಗಾರ, ನಾನೂ ನೋಡಿದೆ, ಅದೂ ಪರೀಕ್ಷೆಯಲ್ಲಿ ಸೇರಿದೆ ಅಂದುಕೊಂಡೆ ಎಂದ.

ಸೊಸೆ ತನ್ನ ತೋಳನ್ನು ಮೂಗಿನ ಹತ್ತಿರ ತಂದುಕೊಂಡಳು.

"ದಿನಾ ಬೆಳಗ್ಗೆ ಇಲ್ಲಿ ಸೂಪಿನ ವಾಸನೆ," ಎಂದಳು. "ಅತ್ತೆ ಮನೆ ವಾಸನೆ, ಹೋಗಲ್ಲ ಅಂದುಕೊಂಡಿದ್ದೆ."

ಸೂಪಜ್ಜಿ ಬೆಂಚಿನ ಮೇಲೆ ಕೂತಳು. ಇದಕ್ಕೆ ಮೊದಲು ಯಾರೂ ಎದ್ದು ನೋಡುತ್ತಿರಲಿಲ್ಲವಾ ಅಜ್ಜಿ ಎಂದು ನೀಲಿಯಣ್ಣ ಕೇಳಿದ. ಯಾರೂ ಇಲ್ಲ ಎಂದಳು. ತಡೆದು, ನಮ್ಮೆಜಮಾನರು ನೀರು ಕುಡಿಯೋಕೆ ಅಂತ ಏಳುತ್ತಿದ್ದರು, ಅಷ್ಟೇ ಎಂದಳು. ಹಗಲು ಹೊತ್ತು ಅವರಿಗೆ ಬಾಯಾರಿಕೆಯೇ ಇರುತ್ತಿರಲಿಲ್ಲ, ರಾತ್ರಿ ಮಾತ್ರ ಎರಡು ಸಲ ಮೂರು ಸಲ ಅಡುಗೆಮನೆಗೆ ಹೋಗಿ ಬರುತ್ತಿದ್ದರು, ಮೂವತ್ತು ವರ್ಷ. ಸಕ್ಕರೆ ಕಾಯಿಲೆ ಇರಬಹುದು ಅಂತ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋಗಿದ್ದಳು. ಏನೂ ಇರಲಿಲ್ಲ. ಅವರು ತೀರಿಕೊಂಡ ಮೇಲೆ ಒಂದು ವರ್ಷ ಅವಳು ಗಾಡಿ ಹೊರಗೆ ತೆಗೆಯಲೇ ಇಲ್ಲ. ಮರುವರ್ಷ ಸೊಸೆ ಬಂದಳು. ಇಷ್ಟು ಹೇಳುವಷ್ಟರಲ್ಲಿ ಅಜ್ಜಿಯ ದನಿ ಎಲ್ಲೋ ಇಳಿದುಹೋಗಿತ್ತು.

"ನೀರು ಕುಡಿಯೋಕೆ ಅಂತಾನೇ ಹೇಳ್ತಿದ್ರು," ಎಂದಳು ಮತ್ತೆ, ಯಾರೋ ಅಲ್ಲ ಅಂದರೇನೋ ಎಂಬ ಹಾಗೆ.

ಸೂಪು ಗೇಟಿಗೆ ಹೋಗಲೇಬೇಕಿತ್ತು. ಏಜೆನ್ಸಿಯಿಂದಲೇ ಗಾಡಿ ಹೊರಟಿತು. ಈ ಸಲ ಸೊಸೆ ಹಿಂದೆ ತಳ್ಳಲು ಬಂದಾಗ ಅತ್ತೆ, ನೀನು ಪಕ್ಕದಲ್ಲಿ ಬಾ ಸಾಕು ಎಂದಳು. ಸೊಸೆ ಕೇಳಲಿಲ್ಲ, ತಳ್ಳಿದಳು.

ಮ್ಯಾನೇಜರರು ವರದಿ ಓದಿ ಕುರ್ಚಿಯಲ್ಲಿ ನೇರ ಕೂತರು. ಅವರ ಪ್ರಕಾರ ಹೊಸ ಪ್ರಶ್ನೆಯೊಂದು ಎದ್ದಿತ್ತು. ನಿದ್ದೆಯಲ್ಲಿರುವವರು ಗಮನಿಸಿದರೆ ಅದು ಗಮನವೋ ಅಲ್ಲವೋ? ಅಲ್ಲ ಎಂದಾದರೆ ಒಲೆ ಯಾರ ಗಮನವೂ ಇಲ್ಲದೆ ರಾತ್ರಿ ಕಳೆದಂತಾಯಿತು, ಏನೂ ಆಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರು ಒಂದು ಕರಡು ತಯಾರಿಸಿ ನೀಲಿಯಣ್ಣನ ಮುಂದಿಟ್ಟರು. ಅದರಲ್ಲಿ ಹೀಗಿತ್ತು: ಮನೆಯಲ್ಲಿ ನಿದ್ರೆಯಲ್ಲಿ ಎದ್ದು ಓಡಾಡುವ ಸದಸ್ಯರು ಕನಿಷ್ಠ ಒಬ್ಬರಾದರೂ ಇದ್ದಲ್ಲಿ, ಸಣ್ಣ ಉರಿಯಲ್ಲಿ ಒಲೆಯನ್ನು ರಾತ್ರಿಯಿಡೀ ಬಿಡಲು ಈ ಕಚೇರಿಯ ಅಭ್ಯಂತರವಿರುವುದಿಲ್ಲ.

ನೀಲಿಯಣ್ಣ ಅದನ್ನು ಎರಡು ಸಲ ಓದಿದ. ಇಪ್ಪತ್ತಾರು ವರ್ಷದಲ್ಲಿ ಮೇಲಿನವರ ಮಾತಿಗೆ ಅವನು ಎದುರಾಡಿದವನಲ್ಲ. ಕರಡನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡು, ಇದು ಆಗಲ್ಲ ಸಾರ್, ನಾನೇ ಬರೀತೀನಿ, ಸೀಲು ಕೊಡಿ ಎಂದು ಕೈ ಚಾಚಿದ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮ್ಯಾನೇಜರರು ಸಹಿ ನಿಮ್ಮದೇ ತಾನೇ ಎಂದು ಕೇಳಿ ಖಾತ್ರಿಪಡಿಸಿಕೊಂಡು, ಹಗುರವಾದ ಮುಖದಲ್ಲಿ ಡ್ರಾಯರು ಎಳೆದರು.

ಅವನು ಬರೆದದ್ದು ಅರ್ಧ ಪುಟ. ಒಲೆ ಉರಿಯಲು ಬಿಟ್ಟು ಮಲಗಬೇಡಿ. ಮನೆಯಿಂದ ಹೊರಗೂ ಹೋಗಬೇಡಿ. ಬೆಳಗಿನವರೆಗೆ ಕುದಿಯಬೇಕಾದದ್ದನ್ನು ಹಗಲು ಎಚ್ಚರವಾಗಿದ್ದಾಗ ಕುದಿಸಿ. ಮಲಗುವ ಮುಂಚೆ ನಾಬ್ ಅಷ್ಟೇ ಅಲ್ಲ, ಸಿಲಿಂಡರಿನ ರೆಗ್ಯುಲೇಟರನ್ನೂ ಮುಚ್ಚಿ. ಏನೂ ಆಗಿಲ್ಲ ಅಂದರೆ ಯಾರೋ ನೋಡಿಕೊಂಡಿದ್ದಾರೆ ಅಂತ ಅರ್ಥ. ಕೊನೆಯ ಸಾಲು ಕಚೇರಿಯ ಕಾಗದಕ್ಕೆ ಒಪ್ಪುತ್ತದೋ ಇಲ್ಲವೋ ಎಂದು ಅನುಮಾನಿಸಿ, ಹೊಡೆದುಹಾಕಲು ಹೋಗಿ, ಬಿಟ್ಟ. ಸಹಿ ಹಾಕಿ ಸೀಲು ಒತ್ತಿದ.

ಕಾಗದ ತಲುಪಿದ ದಿನದಿಂದ ಸೂಪಜ್ಜಿ ಹಗಲು ಕುದಿಸತೊಡಗಿದಳು. ಬೆಳಗ್ಗೆ ಗಾಡಿ ಮುಗಿಸಿ ಬಂದು ಪಾತ್ರೆ ಏರಿಸಿ, ರಾತ್ರಿ ಊಟದ ಹೊತ್ತಿಗೆ ಇಳಿಸಿ, ಮರುದಿನ ಬೆಳಗ್ಗೆ ಕುದಿಸಿ ಬಿಸಿ ಮಾಡುವುದು. ಗೇಟಿನ ಗಿರಾಕಿಗಳಲ್ಲಿ ಒಬ್ಬನಿಗೂ ರುಚಿಯಲ್ಲಿ ವ್ಯತ್ಯಾಸ ಗೊತ್ತಾಗಲಿಲ್ಲ. ಅದರಿಂದ ಅವಳಿಗೆ ಸ್ವಲ್ಪ ಅವಮಾನವೇ ಆಯಿತು.

ಎಲ್ಲ ಮುಗಿಯಿತು ಅಂದುಕೊಂಡು ನೀಲಿಯಣ್ಣ ತನ್ನ ಬರ್ನರು ಜೆಟ್ಟುಗಳಿಗೆ ಹಿಂತಿರುಗಿದ್ದ. ನಾಲ್ಕನೇ ದಿನ ಬೆಳಗ್ಗೆ ಏಜೆನ್ಸಿ ಬಾಗಿಲು ತೆರೆಯುವ ಮೊದಲೇ ಅಜ್ಜಿ ಮೆಟ್ಟಿಲ ಮೇಲೆ ಕೂತಿದ್ದಳು. ಕೈಯಲ್ಲಿ ಲೈಟರು. ಐದು ಗಂಟೆಗೆ ಡ್ಯೂಟಿಗೆಂದು ಎದ್ದ ಮಗ ಅಡುಗೆಮನೆಗೆ ಹೋದರೆ, ಪಾತ್ರೆಯೂ ಇಲ್ಲ ಏನೂ ಇಲ್ಲ, ಖಾಲಿ ಒಲೆ ತನ್ನ ಪಾಡಿಗೆ ತಾನು ಉರಿಯುತ್ತಿತ್ತಂತೆ. ಸೊಸೆ ಹೊದ್ದು ಮಲಗಿದ್ದಳಂತೆ. ರೆಗ್ಯುಲೇಟರು ಮುಚ್ಚಿ ಅಂತ ಬರೆದಿದ್ದೆನಲ್ಲ ಅಜ್ಜಿ ಎಂದು ನೀಲಿಯಣ್ಣ ಕೇಳಿದ. ಬೆಳಗ್ಗೆ ಮತ್ತೆ ಬಗ್ಗಿ ತೆಗೆಯೋದು ಯಾರು ಅಂತ ಬಿಟ್ಟಿದ್ದೆ ಎಂದಳು ಅವಳು, ತಲೆ ಎತ್ತದೆ. ಈಗ ಬುದ್ಧಿ ಬಂದಿದೆ, ಆದರೆ ಹುಡುಗಿ ಏಳೋದನ್ನ ನಿಲ್ಲಿಸೋದು ಹೇಗೆ, ಅದನ್ನು ಹೇಳು ಎಂದಳು.

ಅದಕ್ಕೆ ನೀಲಿಯಣ್ಣನ ಚೀಲದಲ್ಲಿ ಸ್ಪ್ಯಾನರು ಇರಲಿಲ್ಲ. ಡಾಕ್ಟರಿಗೆ ತೋರಿಸಿ ಎಂದ. ಅಲ್ಲಿಯವರೆಗೆ ರೆಗ್ಯುಲೇಟರು ಮುಚ್ಚಿ, ಲೈಟರು ನಿಮ್ಮ ದಿಂಬಿನ ಕೆಳಗೆ ಇಟ್ಟುಕೊಳ್ಳಿ ಎಂದ. ಆಮೇಲೆ ಸ್ವಲ್ಪ ಯೋಚಿಸಿ, ಅವಳು ಎದ್ದು ಬಂದಾಗ ಅಲ್ಲಿ ಯಾರಾದರೂ ಇದ್ದರೆ ಒಳ್ಳೆಯದು ಎಂದೂ ಸೇರಿಸಿದ.

ಡಾಕ್ಟರು ಗಾಬರಿಪಡುವಂಥದ್ದೇನಿಲ್ಲ, ನಿದ್ದೆ ಸರಿಯಾದರೆ ತಾನೇ ಕಡಿಮೆಯಾಗುತ್ತದೆ ಎಂದರು. ಹಾಗೆ, ಮೆರವಣಿಗೆ ಹೋದರೂ ಎಚ್ಚರಾಗದ ಸೂಪಜ್ಜಿ ಆ ರಾತ್ರಿಯಿಂದ ಅಡುಗೆಮನೆಯ ಹೊಸ್ತಿಲಲ್ಲಿ ಚಾಪೆ ಹಾಕಿಕೊಂಡಳು. ಎರಡು ಗಂಟೆಗೆ ಸೊಸೆ ಬರುತ್ತಿದ್ದಳು. ಅತ್ತೆ ಎದ್ದು ಭುಜ ಹಿಡಿದು, ಆರಿಸಿದೀನಿ ಮಗಳೇ, ಹೋಗಿ ಮಲ್ಕೋ ಎನ್ನುತ್ತಿದ್ದಳು. ಸೊಸೆ ಇನ್ನೊಂದು ಲೋಟ ನೀರು ಎನ್ನುತ್ತಿದ್ದಳು. ಹಾಕಿದೀನಿ ಎನ್ನುತ್ತಿದ್ದಳು ಅತ್ತೆ. ಆಗ ಸೊಸೆ ತಿರುಗಿ ಹೋಗುತ್ತಿದ್ದಳು. ಐದಕ್ಕೆ ಇನ್ನೊಂದು ಸಲ ಇದೇ. ಹಗಲು ಈ ವಿಷಯ ಇಬ್ಬರೂ ಎತ್ತುತ್ತಿರಲಿಲ್ಲ. ಎರಡನೇ ವಾರದಲ್ಲಿ ಐದು ಗಂಟೆಗೆ ಬರುವುದು ನಿಂತಿತು. ಒಂದು ದಿನ ಎರಡು ಗಂಟೆಯದೂ ನಿಂತಿತು. ಸೂಪಜ್ಜಿ ಬೆಳಗಿನ ತನಕ ಕಾದಳಂತೆ, ಬರಲೇ ಇಲ್ಲವಂತೆ.

ಇದನ್ನೆಲ್ಲ ನೀಲಿಯಣ್ಣನಿಗೆ ಹೇಳಿದವಳು ಅಜ್ಜಿಯೇ, ಅದೂ ಪಿಸುದನಿಯಲ್ಲಿ. ಅವತ್ತು ಅವನು ಆ ಮನೆಯ ಗಟ್ಟಿಯಾದ ರಬ್ಬರ್ ಪೈಪು ಬದಲಿಸಲು ಹೋಗಿದ್ದ. ಬಟ್ಟೆ ಕಾರ್ಖಾನೆಗೆ ವಾರದ ರಜೆ, ಬೆಳಗ್ಗೆ ಒಂಬತ್ತೂವರೆ. ಬಾಗಿಲು ತಟ್ಟುವ ಮೊದಲೇ ಅಜ್ಜಿ ಬಾಗಿಲು ತೆಗೆದು, ತುಟಿಯ ಮೇಲೆ ಬೆರಳಿಟ್ಟಳು. ನಡುಮನೆಯ ಮಂಚದ ಮೇಲೆ ಸೊಸೆ ಅಡ್ಡಡ್ಡ ಮಲಗಿದ್ದಳು. ಒಂದು ಕೈ ಕೆಳಗೆ ಜೋತುಬಿದ್ದಿತ್ತು. ಅವಳ ಗೊರಕೆ ಅತ್ತೆಯದನ್ನೂ ಮೀರಿಸುವಂತಿತ್ತು.

ನೀಲಿಯಣ್ಣ ಚಪ್ಪಲಿ ಹೊರಗೆ ಬಿಟ್ಟು ತುದಿಗಾಲಲ್ಲಿ ಒಳಗೆ ಹೋದ. ಸ್ಪ್ಯಾನರನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕ್ಲಿಪ್ಪು ಸಡಿಲಿಸಿದ. ಹಳೆಯ ಪೈಪು ಬಿಡಲು ಮೊಂಡಾಟ ಮಾಡಿತು. ಒಮ್ಮೆ ಕೈ ಜಾರಿ ಸ್ಪ್ಯಾನರು ಒಲೆಗೆ ತಾಗಿದಾಗ ಅಜ್ಜಿ ಅವನನ್ನು ನುಂಗುವ ಹಾಗೆ ನೋಡಿದಳು. ಹೊಸ ಪೈಪು ಕೂರಿಸಿ, ರೆಗ್ಯುಲೇಟರು ತೆರೆದು, ಲೋಟದಲ್ಲಿ ಕಲಸಿ ತಂದ ಸೋಪಿನ ನೀರನ್ನು ಎರಡೂ ಕೊನೆಗೆ ಹಚ್ಚಿದ. ಎಲ್ಲಾದರೂ ಸೋರಿದರೆ ಗುಳ್ಳೆ ಏಳಬೇಕು. ಅಜ್ಜಿಯೂ ಮಂಡಿ ಹಿಡಿದುಕೊಂಡು ಅವನ ಪಕ್ಕದಲ್ಲಿ ಕುಕ್ಕರಿಸಿದಳು. ಇಬ್ಬರೂ ಉಸಿರು ಬಿಗಿಹಿಡಿದು ನೋಡಿದರು. ಗುಳ್ಳೆ ಏಳಲಿಲ್ಲ. ಇನ್ನೂ ಸ್ವಲ್ಪ ಹೊತ್ತು ನೋಡೋಣ ಎಂದು ಅಜ್ಜಿ ಕಣ್ಣಲ್ಲೇ ಹೇಳಿದಳು. ನೀಲಿಯಣ್ಣ ತಲೆಯಾಡಿಸಿ, ಕೂತೇ ಇದ್ದ.